ಗೋಡೆಯೊಳಗೆ ನುಸುಳುವ ಗಾಳಿ

ಅಮೆರಿಕ, ಕೆನಡಾಗಳ ಬಹುಪಾಲು ಮನೆಗಳು ಇಂದಿಗೂ ಮರದ ಚೌಕಟ್ಟಿನವೇ. 1830ರ ದಶಕದಲ್ಲಿ ಷಿಕಾಗೊ ಅವಸರದಿಂದ ಬೆಳೆಯುತ್ತಿದ್ದಾಗ, ದಪ್ಪ ತೊಲೆಗಳನ್ನು ಕೊರೆದು ಕೂಡಿಸುವ ಹಳೆಯ ಬಡಗಿ ವಿದ್ಯೆ ಹಿಂದೆ ಸರಿದು, ಸಾಮಿಲ್ಲಿನಲ್ಲಿ ಸೀಳಿದ ತೆಳು ಮರಗಳನ್ನು ಮೊಳೆ ಹೊಡೆದು ನಿಲ್ಲಿಸುವ ‘ಬಲೂನ್ ಫ್ರೇಮ್’ ಬಂತು. ಅಡಿಪಾಯದಿಂದ ಸೂರಿನವರೆಗೆ ಒಂದೇ ಉದ್ದದ ಸ್ಟಡ್‌ಗಳು (ನಿಲುವು ಮರಗಳು), ನಡುವೆ ಪೊಳ್ಳು. ಬೆಂಕಿ ಬಿದ್ದರೆ ಆ ಪೊಳ್ಳೇ ಹೊಗೆಗೂಡಾಗುತ್ತಿತ್ತು. ಮುಂದೆ, ಒಂದೊಂದು ಅಂತಸ್ತನ್ನೂ ಪ್ರತ್ಯೇಕವಾಗಿ ಕಟ್ಟುವ ‘ಪ್ಲಾಟ್‌ಫಾರ್ಮ್ ಫ್ರೇಮ್’ ಅದರ ಜಾಗ ಹಿಡಿಯಿತು. 16 ಅಂಗುಲಕ್ಕೊಂದು ಸ್ಟಡ್, ಹೊರಗೆ ಹಲಗೆ, ಅದರ ಮೇಲೆ ಟಾರು ಕಾಗದ, ಒಳಗೆ ಗಾರೆ.

ಆ ಗೋಡೆಗಳ ಸಂದುಗಳಲ್ಲಿ ಗಾಳಿ ಧಾರಾಳವಾಗಿ ಆಡುತ್ತಿತ್ತು. ಚಳಿ ಕೊರೆಯುತ್ತಿತ್ತು ನಿಜ, ಆದರೆ ನೆನೆದ ಮರ ಒಣಗುತ್ತಲೂ ಇತ್ತು. 1930ರ ದಶಕದಲ್ಲಿ ಪೊಳ್ಳಿನೊಳಗೆ ಶಾಖನಿರೋಧಕ ತುಂಬತೊಡಗಿದ ಮೇಲೆ ಹೊರಹಲಗೆ ಮೊದಲಿಗಿಂತ ತಣ್ಣಗಾಯಿತು. ಮನೆಯೊಳಗಿನ ತೇವ ಅಲ್ಲಿ ಹನಿಗಟ್ಟಿತು, ಬಣ್ಣ ಸುಲಿಯಿತು. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ರೌಲಿ ಮಾಡಿದ ಪ್ರಯೋಗಗಳ ಬೆನ್ನಿಗೆ, ಗೋಡೆಯ ಬೆಚ್ಚನೆಯ ಬದಿಗೆ ಆವಿ ತಡೆಯುವ ಪದರ ಹಾಕುವುದು ರೂಢಿಯಾಯಿತು. ಆದರೆ ಗೋಡೆಯ ಒಳಬದಿಯ ಜಿಪ್ಸಮ್ ಬೋರ್ಡಿನ ಮೂಲಕ ತಾನಾಗಿ ಹಾಯುವ ಆವಿಗಿಂತ, ಸಣ್ಣದೊಂದು ತೂತಿನಿಂದ ನುಗ್ಗುವ ಗಾಳಿ ಎಷ್ಟೋ ಪಾಲು ಹೆಚ್ಚು ತೇವ ಹೊರುತ್ತದೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ವಿಜ್ಞಾನಿಗಳು 1960ರ ದಶಕದಲ್ಲೇ ಇದನ್ನು ಬರೆದಿದ್ದರೂ ಕಟ್ಟುವವರು ಕಿವಿಗೊಡಲು ತೈಲ ಬಿಕ್ಕಟ್ಟೇ ಬರಬೇಕಾಯಿತು.

1977ರಲ್ಲಿ ಕೆನಡಾದ ರೆಜೈನಾ ನಗರದಲ್ಲಿ ಎದ್ದ ‘ಸಸ್ಕಾಚವಾನ್ ಕನ್ಸರ್ವೇಶನ್ ಹೌಸ್’ ಈ ಚರಿತ್ರೆಯ ಅತಿ ಮುಖ್ಯ ಮನೆ ಎಂದು ನಾನು ನಂಬಿದ್ದೇನೆ. ಸಸ್ಕಾಚವಾನ್ ಪ್ರಾಂತ್ಯದ ಸರ್ಕಾರ ಕೇಳಿದ್ದು ಸೌರ ಮನೆಯನ್ನು. ಚಳಿಗಾಲದ ಮಬ್ಬು ಬಿಸಿಲನ್ನು ನೆಚ್ಚುವ ಬದಲು ಶಾಖ ಹೊರಹೋಗದಂತೆ ತಡೆಯೋಣ ಎಂದವರು ಎಂಜಿನಿಯರ್ ಹೆರಾಲ್ಡ್ ಆರ್ ಮತ್ತು ಸಂಗಡಿಗರು. ಸುಮಾರು ಒಂದಡಿ ದಪ್ಪದ ಜೋಡಿ ಗೋಡೆ, ಸಂದಿಲ್ಲದಂತೆ ಸುತ್ತಿದ ಪಾಲಿಥಿನ್ ಹಾಳೆ, ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರ. ಚಳಿ ಮೈನಸ್ 30 ಡಿಗ್ರಿ ದಾಟುವ ಆ ಊರಿನಲ್ಲಿ ಈ ಮನೆಗೆ ಬಿಸಿ ಮಾಡುವ ಫರ್ನೇಸೇ ಇರಲಿಲ್ಲ.

ಅದೇ ಹೊತ್ತಿಗೆ ಅಳತೆಯ ಸಾಧನವೂ ಒದಗಿತು. ಸ್ವೀಡನ್ನಿನಲ್ಲಿ ಕಿಟಕಿಗೆ ಕೂರಿಸುತ್ತಿದ್ದ ಫ್ಯಾನು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಬಾಗಿಲಿಗೆ ಬಂದು ‘ಬ್ಲೋವರ್ ಡೋರ್’ ಆಯಿತು. ಒಳಗೂ ಹೊರಗೂ 50 ಪಾಸ್ಕಲ್ ಒತ್ತಡದ ಅಂತರ ಹುಟ್ಟಿಸಿ, ಗಂಟೆಗೆ ಮನೆಯ ಗಾಳಿ ಎಷ್ಟು ಸಲ ಬದಲಾಗುತ್ತದೆಂದು ಲೆಕ್ಕ ಹಾಕುತ್ತಾರೆ. ರೆಜೈನಾದ ಮನೆಯ ಅಂಕಿ 0.8. ಮುಂದೆ ಕೆನಡಾದ ಆರ್-2000 ಯೋಜನೆ 1.5ರ ಮಿತಿ ಇಟ್ಟಿತು, ಜರ್ಮನಿಯ ಪಾಸಿವ್‌ಹೌಸ್ ಮಾನದಂಡ ಅದನ್ನು 0.6ಕ್ಕೆ ಇಳಿಸಿತು. ಅಮೆರಿಕದ ಮಾದರಿ ಇಂಧನ ಸಂಹಿತೆ 2012ರಲ್ಲಿ ಹೆಚ್ಚಿನ ಹವಾಮಾನ ವಲಯಗಳಿಗೆ 3, ಬಿಸಿ ವಲಯಗಳಿಗೆ 5 ಎಂದಿತು.

ನಡುವೆ ಕಹಿ ಪಾಠವೂ ಆಯಿತು. 1980-90ರ ದಶಕಗಳಲ್ಲಿ ವ್ಯಾಂಕೂವರ್ ಸುತ್ತಮುತ್ತ ಕಟ್ಟಿದ ಸಾವಿರಾರು ಫ್ಲ್ಯಾಟುಗಳ ಗೋಡೆಗಳು ಕೊಳೆತವು. ಗಾಳಿಬಿಗಿ ಮಾಡಿದ್ದೇ ತಪ್ಪು ಎಂದು ದೂಷಿಸಿದವರಿದ್ದರು. ಮೂಲ ದೋಷವಿದ್ದದ್ದು ಮಳೆನೀರು ನುಗ್ಗುತ್ತಿದ್ದ ಕಿಟಕಿ, ಬಾಲ್ಕನಿಗಳ ಅಂಚಿನಲ್ಲಿ. ಸೂರಿನ ಚಾಚು ಸಾಲದು, ಒಳಹೊಕ್ಕ ನೀರು ಒಣಗಲು ದಾರಿಯಿಲ್ಲ. ಆಮೇಲೆ ಹೊರಹೊದಿಕೆಯ ಹಿಂದೆ ನೀರು ಇಳಿದುಹೋಗುವಷ್ಟು ತೆರಪು ಬಿಡುವುದನ್ನು ಅಲ್ಲಿ ಕಡ್ಡಾಯ ಮಾಡಿದರು. ಹಾಗೆಯೇ ರೆಜೈನಾಗೆ ಒಪ್ಪುವ ಪಾಲಿಥಿನ್ ಹಾಳೆ ಹ್ಯೂಸ್ಟನ್ನಿನಲ್ಲಿ ಹಾನಿಕರ: ಏಸಿ ಓಡುವ ಮನೆಯಲ್ಲಿ ಹೊರಗಿನ ಸೆಕೆಯ ತೇವ ಆ ಹಾಳೆಯ ಹಿಂಬದಿಯಲ್ಲೇ ಹನಿಗಟ್ಟುತ್ತದೆ. ಇಂದು ಹಲವರು ಗಾಳಿತಡೆಯನ್ನು ಹೊರಹಲಗೆಗೇ ತಂದು, ಅದರ ಸಂದುಗಳಿಗೆ ಟೇಪು ಅಂಟಿಸುತ್ತಾರೆ.

ಟೊರಾಂಟೊದಲ್ಲೋ ಡಲ್ಲಾಸಿನಲ್ಲೋ ಮನೆ ಕೊಳ್ಳುವ ಕನ್ನಡಿಗರಲ್ಲಿ ನನ್ನ ಕೋರಿಕೆ ಇಷ್ಟೆ: ಗ್ರಾನೈಟ್ ಕಟ್ಟೆ ನೋಡುವ ಮೊದಲು ಬ್ಲೋವರ್ ಡೋರ್ ವರದಿ ಕೇಳಿ. ತಾಜಾ ಗಾಳಿ ಒಳಬರುವ ವ್ಯವಸ್ಥೆ ಏನೆಂದು ವಿಚಾರಿಸಿ. ಒಗ್ಗರಣೆಯ ಘಾಟಿಗೆಂದು ದೊಡ್ಡ ಎಕ್ಸಾಸ್ಟ್ ಹಾಕಿಸುವುದಾದರೆ, ಅದು ಹೊರದಬ್ಬುವಷ್ಟೇ ಗಾಳಿ ಒಳಬರಲು ದಾರಿ ಮಾಡಿಸಿ. ಇಲ್ಲವಾದರೆ ಬಿಗಿಯಾದ ಮನೆಯಲ್ಲಿ ಗ್ಯಾಸ್ ಹೀಟರಿನ ಹೊಗೆ ಹೊರಹೋಗದೆ ಒಳಗೇ ಬರಬಹುದು.