ಎಸ್ಸೆಮ್ಮೆಸ್‌ನಲ್ಲಿ ಕನ್ನಡಕ್ಕೆ ಎಷ್ಟು ಜಾಗ?

ಒಂದು ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸುತ್ತೆ. ಕನ್ನಡವಾದರೆ 70. ಬ್ಯಾಂಕು, ಇಲಾಖೆಗಳ ಮೆಸೇಜು ಯಾಕೆ ಇಂಗ್ಲಿಷಿನಲ್ಲೇ ಬರುತ್ತೆ ಅನ್ನೋ ಪ್ರಶ್ನೆಗೆ ಉತ್ತರದ ಒಂದು ಪಾಲು ಇಲ್ಲಿದೆ.

1985ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಎಂಬ ಎಂಜಿನಿಯರ್ ಟೈಪ್‌ರೈಟರ್ ಮುಂದೆ ಕೂತು, ತೋಚಿದ ವಾಕ್ಯಗಳನ್ನೆಲ್ಲ ಟೈಪಿಸಿ ಅಕ್ಷರ ಎಣಿಸಿದರು. ಬಹುತೇಕ ಎಲ್ಲವೂ 160ರೊಳಗೆ ಮುಗಿದವು. ಮೊಬೈಲ್ ಜಾಲದಲ್ಲಿ ಒಂದು ಸಂದೇಶಕ್ಕೆ ಸಿಗುವುದು 140 ಬೈಟ್, ಅಂದರೆ 1120 ಬಿಟ್. ಅಕ್ಷರಕ್ಕೆ 7 ಬಿಟ್‌ನಂತೆ 160. ಆ 7 ಬಿಟ್‌ನ ಮೂಲ ಪಟ್ಟಿಯಲ್ಲಿ ಇಂಗ್ಲಿಷ್ ಇದೆ, ಯುರೋಪಿನ ಕೆಲವು ಅಕ್ಷರಗಳಿವೆ, ಗ್ರೀಕಿನದೂ ಒಂದಿಷ್ಟಿವೆ. ನಾವಿಲ್ಲ. ಕನ್ನಡಕ್ಕೆ ಯೂನಿಕೋಡ್ ಬೇಕು, ಅದಕ್ಕೆ ತಲಾ 16 ಬಿಟ್. 1120ನ್ನು 16ರಿಂದ ಭಾಗಿಸಿದರೆ 70. ಇಂಗ್ಲಿಷ್ ಮೆಸೇಜಿನ ನಡುವೆ ಒಂದೇ ಒಂದು ಕನ್ನಡ ಅಕ್ಷರ ಬಂದರೂ ಇಡೀ ಮೆಸೇಜಿಗೆ ಈ ಲೆಕ್ಕವೇ. (ನಮ್ಮ ರೂಪಾಯಿ ಚಿಹ್ನೆಯೂ ಆ ಪಟ್ಟಿಯಲ್ಲಿಲ್ಲ!)

ಆ 70 ಕೂಡ ಪೂರ್ತಿ 70 ಅಲ್ಲ. ‘ಸ್ತ್ರೀ’ ನಮಗೆ ಒಂದಕ್ಷರ. ಯಂತ್ರಕ್ಕೆ ಸ, ಹಲಂತ, ತ, ಹಲಂತ, ರ, ಈಕಾರ ಸೇರಿ ಆರು. ‘ನಿಮ್ಮ ಖಾತೆಗೆ ಬೆಳೆ ವಿಮೆ ಹಣ ಜಮಾ ಆಗಿದೆ’ ಅನ್ನೋ ವಾಕ್ಯವನ್ನ ನಾನು ಎಣಿಸಿದೆ: ಖಾಲಿ ಜಾಗವೂ ಸೇರಿ 35. ಅರ್ಧ ಮೆಸೇಜು ಖಾಲಿ. ಇನ್ನು ಮೊತ್ತ, ತಾರೀಕು, ಖಾತೆ ಸಂಖ್ಯೆ, ಸಹಾಯವಾಣಿ ಎಲ್ಲ ಹಾಕಿದರೆ ಎರಡನೇ ಮೆಸೇಜು ಬೇಕು. ಆಗ ತಲಾ 67 ಮಾತ್ರ, ಯಾಕಂದ್ರೆ ಎರಡನ್ನೂ ಜೋಡಿಸುವ ಮಾಹಿತಿಗೇ ಸ್ವಲ್ಪ ಜಾಗ ಹೋಗುತ್ತೆ. ಲಕ್ಷಗಟ್ಟಲೆ ಮೆಸೇಜು ಕಳಿಸುವವರಿಗೆ ಇದು ಎರಡು ಪಟ್ಟು ಖರ್ಚು.

ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ನಾವು ಇದಕ್ಕೆ ಕಂಡುಕೊಂಡ ದಾರಿ ಎಲ್ಲರಿಗೂ ಗೊತ್ತಿರೋದೇ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟೋದು. ಅಲ್ಲಿ ಹಲ್ಲಿ, ಹಳ್ಳಿ ಎರಡೂ ಒಂದೇ. ಕಲೆ, ಕಳೆಯೂ ಅಷ್ಟೇ. ಗೆಳೆಯರ ನಡುವೆ ಅದು ನಡೆಯುತ್ತೆ, ಸಂದರ್ಭ ಕೈಹಿಡಿಯುತ್ತೆ. ಇಂಗ್ಲಿಷ್ ಓದಲು ಬಾರದ ರೈತರಿಗೆ ವಿಮೆ ಹಣದ ಸುದ್ದಿ ಹಾಗೆ ಮುಟ್ಟಿಸೋಕಾಗಲ್ಲ.

ಮಾನದಂಡಕ್ಕೆ ಆಮೇಲೆ ಕನ್ನಡದ್ದೇ 7 ಬಿಟ್ ಕೋಷ್ಟಕವೂ ಸೇರಿತು. ಕಳಿಸುವ, ಪಡೆಯುವ ಎರಡೂ ಕಡೆ ಅದು ಗೊತ್ತಿರಬೇಕು, ಬಳಕೆಯಲ್ಲಿ ನೆಲೆಯೂರಲಿಲ್ಲ. ವಾಟ್ಸಾಪ್ ಬಂದ ಮೇಲೆ ಹರಟೆಗೆ ಈ ಮಿತಿ ಉಳಿದಿಲ್ಲ. ಆದರೆ ಓಟಿಪಿ, ಖಾತೆಯಿಂದ ಹಣ ಹೋದ ಸೂಚನೆ ಇವೆಲ್ಲ ಇವತ್ತಿಗೂ ಎಸ್ಸೆಮ್ಮೆಸ್‌ನಲ್ಲೇ ಬರುತ್ತವೆ, ಕೀಪ್ಯಾಡ್ ಫೋನ್ ಇಟ್ಟುಕೊಂಡವರಿಗೆ ಬೇರೆ ದಾರಿಯೂ ಇಲ್ಲ. ಯಾರಿಗೂ ಓಟಿಪಿ ಹೇಳಬೇಡಿ ಅನ್ನೋ ಎಚ್ಚರಿಕೆ ಓದಲಾಗದ ಭಾಷೆಯಲ್ಲಿದ್ದರೆ, ಅದು ಬಂದೂ ಬಾರದ ಹಾಗೆ. ಎರಡನೇ ಮೆಸೇಜಿನ ದುಡ್ಡು ಯಾರು ಕೊಡಬೇಕು ಅನ್ನೋದು ಎಂಜಿನಿಯರ್ ತೀರ್ಮಾನಿಸುವ ವಿಷಯವಲ್ಲ. ಯೋಜನೆಯ ಬಜೆಟ್ ಬರೆಯುವವರನ್ನ ಕೇಳಬೇಕು.