ಬಂಡಿದಾರಿಯ ತಂಗುದಾಣವಾದ ಮಿಷನ್ ಕೇಂದ್ರ

ಅಮೆರಿಕದ ವಾಷಿಂಗ್ಟನ್ ರಾಜ್ಯದ ವಾಲಾ ವಾಲಾ ಪಟ್ಟಣದ ಸಮೀಪ, ವೈಯಿಲಟ್ಪು ಎಂಬಲ್ಲಿ, ವಿಟ್‌ಮನ್ ಮಿಷನ್ ರಾಷ್ಟ್ರೀಯ ಸಂರಕ್ಷಿತ ತಾಣವಾಗಿ ಉಳಿದಿದೆ. ಹಳೆಯ ಕಟ್ಟಡಗಳನ್ನು ಅರಸಿ ಹೋದವರಿಗೆ ಅಲ್ಲಿ ದೊರೆಯುವುದು ಹುಲ್ಲಿನ ನಡುವೆ ಗುರುತಿಸಿಟ್ಟ ತಳಪಾಯಗಳು, ಸಾಮೂಹಿಕ ಸಮಾಧಿ ಮತ್ತು ಗುಡ್ಡದ ಮೇಲಿನ ಸ್ಮಾರಕಸ್ತಂಭ ಮಾತ್ರ.

ಪ್ರೊಟೆಸ್ಟೆಂಟ್ ವೈದ್ಯರಾದ ಮಾರ್ಕಸ್ ವಿಟ್‌ಮನ್ ಹಾಗೂ ಪತ್ನಿ ನಾರ್ಸಿಸಾ 1836ರಲ್ಲಿ ಇಲ್ಲಿ ನೆಲೆಸಿದ್ದು ಕಯೂಸ್ ಎಂಬ ಮೂಲನಿವಾಸಿ ಜನರಿಗೆ ಶುಭಸಂದೇಶ ಸಾರಲೆಂದು. ವಿಶ್ವಾಸವನ್ನು ಸ್ವೀಕರಿಸಿದವರು ಇಲ್ಲವೆನ್ನುವಷ್ಟು ವಿರಳ. ಕೇಂದ್ರವನ್ನು ಮುಚ್ಚಬೇಕೆಂದು ಮಿಷನ್ ಮಂಡಳಿಯ ಆಜ್ಞೆ 1842ರಲ್ಲಿ ತಲಪಿದಾಗ, ವಿಟ್‌ಮನ್‌ರು ಚಳಿಗಾಲವನ್ನೂ ಲೆಕ್ಕಿಸದೆ ಪೂರ್ವ ಕರಾವಳಿಗೆ ಪಯಣಿಸಿ ಅದನ್ನು ರದ್ದುಪಡಿಸಿಕೊಂಡರು. ಮರುವರ್ಷ ಸುಮಾರು 1,000 ವಲಸಿಗರ ಬಂಡಿಸಾಲಿನೊಂದಿಗೆ ಆರೆಗಾನ್ ದಾರಿಯಲ್ಲಿ ಹಿಂದಿರುಗಿದರು. ಅಲ್ಲಿಂದ ಮುಂದೆ ಮಿಷನ್ ಕೇಂದ್ರವು ದಣಿದವರಿಗೆ ಆಹಾರ, ರೋಗಿಗಳಿಗೆ ಆರೈಕೆ ನೀಡುವ ತಂಗುದಾಣವಾಯಿತು. 1844ರಲ್ಲಿ ದಾರಿಯಲ್ಲೇ ತಂದೆತಾಯಿಯನ್ನು ಕಳೆದುಕೊಂಡ ಸೇಗರ್ ಕುಟುಂಬದ ಏಳು ಮಕ್ಕಳನ್ನು ವಿಟ್‌ಮನ್ ದಂಪತಿಗಳು ಸಾಕಿಕೊಂಡರು. ಈ ಕರುಣೆ ನಿಜವಾದದ್ದು. ಆದರೆ ಮತ್ತಾಯನ 25ನೆಯ ಅಧ್ಯಾಯವನ್ನು ಇಲ್ಲಿ ಓದುವವನು ಕೇಳಿಕೊಳ್ಳಲೇಬೇಕು: ಆ ನೆಲದಲ್ಲಿ ಪರದೇಶಿಯಾದವನು ಯಾರು? ಆತಿಥ್ಯ ಪಡೆದ ಪ್ರತಿಯೊಂದು ಬಂಡಿಯೂ ಕಯೂಸರ ಪಾಲಿಗೆ ನೆಲ ಕಳೆದುಕೊಳ್ಳುವ ಮುನ್ಸೂಚನೆಯಾಗಿತ್ತು.

1847ರಲ್ಲಿ ದಡಾರ ಹಬ್ಬಿತು. ರೋಗನಿರೋಧಕ ಶಕ್ತಿಯಿದ್ದ ಬಿಳಿಯರಲ್ಲಿ ಹೆಚ್ಚಿನವರು ಚೇತರಿಸಿಕೊಂಡರೆ ಕಯೂಸರು ಗುಂಪುಗುಂಪಾಗಿ ಸತ್ತರು. ರೋಗಿಯನ್ನು ಉಳಿಸಲಾರದ ವೈದ್ಯನ ಪ್ರಾಣ ತೆಗೆಯುವುದು ಅವರ ಪದ್ಧತಿಯಲ್ಲಿತ್ತು. ನವೆಂಬರ್ 29ರಂದು ಆರಂಭವಾದ ದಾಳಿಯಲ್ಲಿ ವಿಟ್‌ಮನ್ ದಂಪತಿಗಳೂ ಸೇರಿ ಹದಿಮೂರು ಮಂದಿ ಹತರಾದರು.

ಕಯೂಸರ ರೋಗಗ್ರಸ್ತ ಮಕ್ಕಳಿಗೆ ಸ್ನಾನದೀಕ್ಷೆ ನೀಡಲು ಬಂದಿದ್ದ ಕಥೋಲಿಕ ಗುರು ಬ್ರುಯೆಯವರು ಮೃತರ ಅಂತ್ಯಕ್ರಿಯೆಗೆ ನೆರವಾದರು. ಅಪಾಯ ಅರಿಯದೆ ಅತ್ತ ಬರುತ್ತಿದ್ದ ಪ್ರೊಟೆಸ್ಟೆಂಟ್ ಮಿಷನರಿ ಸ್ಪಾಲ್ಡಿಂಗ್‌ರನ್ನು ಎಚ್ಚರಿಸಿ ಪಾರುಮಾಡಿದರು. ಅದೇ ಸ್ಪಾಲ್ಡಿಂಗ್‌ರು ಕೊಲೆಗೆ ಕಥೋಲಿಕ ಗುರುಗಳ ಕುಮ್ಮಕ್ಕಿತ್ತೆಂದು ಮುಂದೆ ಬಹುಕಾಲ ಆರೋಪಿಸಿದರು. ಬ್ರುಯೆಯವರು ಉತ್ತರಿಸಿದ್ದು ನ್ಯಾಯವೇ. ಆದರೂ ದಶಕಗಳವರೆಗೆ ಸಾಗಿದ ಈ ವಾಗ್ವಾದದಲ್ಲಿ ಕಯೂಸರು ಇನ್ನೊಬ್ಬರ ವ್ಯಾಜ್ಯದ ಸಾಕ್ಷ್ಯವಾಗಿಯೇ ಉಳಿದರು. ಅವರ ಸತ್ತ ಮಕ್ಕಳನ್ನು ಎರಡೂ ಪಕ್ಷಗಳು ಮರೆತಂತಿವೆ.

1850ರ ಜೂನ್ 3ರಂದು ಆರೆಗಾನ್ ಸಿಟಿಯಲ್ಲಿ ಐವರು ಕಯೂಸರನ್ನು ಗಲ್ಲಿಗೇರಿಸಲಾಯಿತು. ಅದಕ್ಕೂ ಮುನ್ನ ಮಹಾಧರ್ಮಾಧ್ಯಕ್ಷ ಬ್ಲಾಂಷೆಯವರು ಅವರಿಗೆ ಸ್ನಾನದೀಕ್ಷೆ ನೀಡಿದ್ದರು. ವೈಯಿಲಟ್ಪುವಿನ ಸಮಾಧಿಯ ಅಮೃತಶಿಲೆಯ ಮೇಲೆ ಹತರಾದವರ ಹೆಸರುಗಳಿವೆ. ಆ ಐವರನ್ನು ಹೂತ ಸ್ಥಳಕ್ಕೆ ಯಾವ ಗುರುತನ್ನೂ ಇಡಲಿಲ್ಲ.