ನವಿಲುತೀರ್ಥದ ಲೆಕ್ಕ

ಮಕ್ಕಳು ಲೆಕ್ಕ ಬಿಡಿಸಿದ ಮೇಲೆ ಉತ್ತರದ ಕೆಳಗೆ ಎರಡು ಗೆರೆ ಎಳೆಯುತ್ತಾರೆ. ಆ ಬಳಿಕ ತಾಳೆ ನೋಡುವವರು ಕೆಲವರೇ. ದೊಡ್ಡ ಯೋಜನೆಗಳ ಚರಿತ್ರೆಯೂ ಹೀಗೆಯೇ. ಮಲಪ್ರಭಾ ಯೋಜನೆಯ ತಾಳೆಯನ್ನು ಕಾಲವೇ ನೋಡಬೇಕಾಯಿತು.

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಕಿತ್ತೂರು ನಾಡಿನ ಎಂ. ಕೆ. ಹುಬ್ಬಳ್ಳಿಯನ್ನೂ ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯನ್ನೂ ಹಾಯ್ದು, ಸವದತ್ತಿಯ ಗುಡ್ಡಗಳನ್ನು ನವಿಲುತೀರ್ಥದಲ್ಲಿ ಸೀಳಿ, ರಾಮದುರ್ಗದ ಮಗ್ಗುಲಿಗೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನವಿಲುತೀರ್ಥದ ಆ ಇಕ್ಕಟ್ಟಾದ ಕಣಿವೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1972ರಲ್ಲಿ ಪೂರ್ಣವಾಯಿತು. 37.73 ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯಕ್ಕೆ ಸವದತ್ತಿಯ ಗುಡ್ಡದ ದೇವಿಯ ಹೆಸರಿನಿಂದ ರೇಣುಕಾಸಾಗರವೆಂದು ನಾಮಕರಣವಾಯಿತು. ಕಲ್ಲುಗಾರೆಯ ಕೆಲಸವೇನೋ ಮುಗಿಯಿತು. ಪಾಠ ಆರಂಭವಾದದ್ದು ಅನಂತರವೇ.

ಮೊದಲನೆಯ ಪಾಠ ಮುಳುಗಡೆಯದು. ಕಟ್ಟೆಯ ಮೇಲುಗಡೆ ನದೀತೀರದ ಫಲವತ್ತಾದ ಹೊಲಗಳು ನೀರಿನ ಪಾಲಾದವು. ಕೆಳಗಡೆಯ ಒಣ ಹೊಲಗಳಿಗೆ ಕಾಲುವೆ ಬಂದಿತು. ಒಬ್ಬನ ಲಾಭದ ಪಕ್ಕದಲ್ಲಿಯೇ ಇನ್ನೊಬ್ಬನ ನಷ್ಟವನ್ನೂ ಬರೆಯದಿದ್ದರೆ ಜಮಾಖರ್ಚು ಕೂಡುವುದಿಲ್ಲ.

ಎರಡನೆಯದು ಕರದ್ದು. ಕಾಲುವೆಯಿಂದ ಭೂಮಿಯ ಬೆಲೆ ಏರಿತೆಂದು ಸರಕಾರವು ಅಭಿವೃದ್ಧಿ ಕರವನ್ನು ಕೇಳಿತು. ಸರಿಯಾಗಿ ನೀರೇ ಮುಟ್ಟದ ಹೊಲದವನೂ ಕರ ಕಟ್ಟಬೇಕಾಯಿತು. ರೈತರ ಸಿಟ್ಟು 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಸ್ಫೋಟಗೊಂಡಿತು. ಗೋಲೀಬಾರು ನಡೆದು ರೈತರು ಮಡಿದರು. ಪೋಲೀಸರೂ ಪ್ರಾಣ ತೆತ್ತರು. ರಾಜ್ಯದ ರೈತ ಚಳುವಳಿಗೆ ಆ ದಿನವೇ ಹೊಸ ಅಧ್ಯಾಯವಾಯಿತು. ನಕ್ಷೆಯ ಮೇಲಿನ ಕಾಲುವೆಯೂ ಹೊಲದೊಳಗಿನ ಕಾಲುವೆಯೂ ಒಂದೇ ಅಲ್ಲವೆಂಬುದನ್ನು ಸರಕಾರ ಇಷ್ಟು ದುಬಾರಿ ಬೆಲೆಗೆ ಕಲಿಯಬೇಕಾಯಿತು.

ಮೂರನೆಯದನ್ನು ಎರೆಮಣ್ಣು ಕಲಿಸಿತು. ಈ ಮಣ್ಣು ಕುಡಿದ ನೀರನ್ನು ಬೇಗ ಬಿಟ್ಟುಕೊಡದು. ಜೋಳ, ಹತ್ತಿಗಳ ನಾಡಿನಲ್ಲಿ, ಕಾಲುವೆಯ ತಲೆಭಾಗದವರು ಹೆಚ್ಚು ನೀರು ಬೇಡುವ ಬೆಳೆಗೆ ಮನಸೋತರು. ಅಲ್ಲಿ ಹೊಲಗಳು ಜೌಗಾಗಿ ಸವಳೇರಿದವು. ಕೊನೆಯಂಚಿನವರು ಖಾಲಿ ಕಾಲುವೆಯನ್ನು ನೋಡುತ್ತ ಕುಳಿತರು. ಅತಿಯಾದರೆ ಅಮೃತವೂ ವಿಷವೆಂಬ ಗಾದೆಗೆ ಬೇರೆ ವ್ಯಾಖ್ಯಾನ ಬೇಡ. ನೀರು ತರುವ ಕಾಲುವೆಯಷ್ಟೇ ನೀರು ಬಸಿಯುವ ಕಾಲುವೆಯೂ ಅವಶ್ಯವೆಂದು ಈಗ ಎಲ್ಲರೂ ಒಪ್ಪುತ್ತಾರೆ. ನೀರು ಹಂಚಿಕೊಳ್ಳಲು ಬಳಕೆದಾರರ ಸಂಘಗಳೂ ಹುಟ್ಟಿವೆ.

ಕಡೆಯ ಪಾಠ ನದಿಯದೇ. ಅನೇಕ ವರ್ಷ ಜಲಾಶಯ ತುಂಬಲೇ ಇಲ್ಲ. ಆದುದರಿಂದಲೇ ಮಹದಾಯಿಯ ನೀರಿಗಾಗಿ ದೀರ್ಘ ಹೋರಾಟ ನಡೆಯಿತು. 2018ರಲ್ಲಿ ನ್ಯಾಯಾಧಿಕರಣವು ಕಳಸಾ, ಬಂಡೂರಿ ತಿರುವುಗಳಿಗೆ ಒಟ್ಟು 3.90 ಟಿ.ಎಂ.ಸಿ. ನೀರನ್ನು ಹಂಚಿತು. ಮರುವರ್ಷದ ಅಗಸ್ಟಿನಲ್ಲಿಯೇ ಅದೇ ನದಿ ಉಕ್ಕಿ ಮುನವಳ್ಳಿ, ರಾಮದುರ್ಗಗಳ ಮನೆಗಳಿಗೆ ನುಗ್ಗಿತು. ಬರಕ್ಕೆಂದು ಕಟ್ಟಿದ ಕಟ್ಟೆ ನೆರೆಯನ್ನೂ ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಹಾಗೆಂದು ಯೋಜನೆಯೇ ತಪ್ಪೆನ್ನಲಾಗದು. ಒಣ ಭೂಮಿ ಹಸಿರಾಯಿತು. ಹುಬ್ಬಳ್ಳಿ-ಧಾರವಾಡದ ಕೊಡಗಳು ತುಂಬಿದವು. ಆದರೆ ಗೆರೆ ಎಳೆದ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ. ತಾಳೆ ನೋಡುವಾಗ ಮುಳುಗಿದ ಹೊಲದವನನ್ನೂ ಕಾಲುವೆಯ ಕೊನೆಯವನನ್ನೂ ಪಕ್ಕದಲ್ಲಿ ಕೂಡ್ರಿಸಿಕೊಳ್ಳಬೇಕು.